ಎನರ್ಜಿ ಡ್ರಿಂಕ್ ಕುಡಿದರೆ ನಿಜಕ್ಕೂ ಶಕ್ತಿ ಬರುತ್ತದೆಯೇ?

ಹರಪನಹಳ್ಳಿ, ಕೊಟ್ಟೂರು ಕಡೆಯ ಬೇಸಿಗೆ ಬಿಸಿಲಲ್ಲಿ ದುಡಿದು ಸುಸ್ತಾದಾಗ ಒಂದು ಎನರ್ಜಿ ಡ್ರಿಂಕ್ ಕುಡಿದರೆ ಶಕ್ತಿ ಬರುತ್ತದೆ ಎಂದು ಹಲವರು ನಂಬುತ್ತಾರೆ. ಇದು ನಿಜವೇ? ನಾವು ಪರಿಶೀಲಿಸಿದೆವು.

ದೇಹದಲ್ಲಿ ಏನಾಗುತ್ತದೆ?

ದಣಿದಾಗ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ‘ಇನ್ನು ವಿಶ್ರಾಂತಿ ಬೇಕು’ ಎಂಬ ಸೂಚನೆ ಕೊಡುತ್ತದೆ. ಈ ಪಾನೀಯದಲ್ಲಿರುವ ಕೆಫೀನ್ ಆ ಸೂಚನೆಯನ್ನು ತಡೆಯುತ್ತದೆ. ಅಂದರೆ ದಣಿವು ಹೋಗುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಸಕ್ಕರೆಯಿಂದ ಸ್ವಲ್ಪ ಹೊತ್ತು ಚೈತನ್ಯ ಸಿಗಬಹುದು. ಆದರೆ ಎದೆಬಡಿತ, ರಕ್ತದೊತ್ತಡ ಏರಬಹುದು. ಸುಮಾರು 5 ಗಂಟೆಯ ನಂತರವೂ ಅರ್ಧದಷ್ಟು ಕೆಫೀನ್ ದೇಹದಲ್ಲೇ ಇರುವುದರಿಂದ ಸಂಜೆ ಕುಡಿದರೆ ರಾತ್ರಿ ನಿದ್ದೆಯೂ ಕೆಡುತ್ತದೆ.

ನಿಯಮ ಏನು ಹೇಳುತ್ತದೆ?

ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಇದರ ಹೆಸರು ‘ಕೆಫೀನ್‌ಯುಕ್ತ ಪಾನೀಯ’. ಲೀಟರಿಗೆ 145ರಿಂದ 300 ಮಿ.ಗ್ರಾಂ ಕೆಫೀನ್ ಇರಬಹುದು. ದಿನಕ್ಕೆ 500 ಮಿ.ಲೀ. ಮೀರಬಾರದು, ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರಿಗೆ ಇದು ಸೂಕ್ತವಲ್ಲ. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡಿ.

ನಮ್ಮ ತೀರ್ಪು: ದಾರಿ ತಪ್ಪಿಸುವ ನಂಬಿಕೆ

ದಣಿವು ತಿಳಿಯದೆ ಬಿಸಿಲಲ್ಲೇ ದುಡಿದರೆ ಪ್ರಾಣಕ್ಕೇ ಅಪಾಯ. ಬೆವರಿದ ದೇಹಕ್ಕೆ ಬೇಕಾದ್ದು ನೆರಳು, ನೀರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್. ಯಾರಾದರೂ ಬಿಸಿಲಿಗೆ ತಲೆಸುತ್ತಿ ಬಿದ್ದರೆ, ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.