ಸಂಸಾರಿಗೆ ಸಲ್ಲದ ಸಾಧನೆಯೆ?
ಟ್ರಯಥ್ಲಾನ್ ಅಭ್ಯಾಸದ ಕುರಿತು ಕೆಲವು ತಪ್ಪು ಕಲ್ಪನೆಗಳು, ಕೆಲವು ಸತ್ಯಗಳು

ಆಷಾಢದ ಒಂದು ಬೆಳಗಿನ ಜಾವ ಗದಗಿನಿಂದ ಮುಂಡರಗಿಯ ದಾರಿ ಹಿಡಿದು ಸೈಕಲ್ಲಿನ ಮೇಲೆ ಹೊರಟವನಿಗೆ, ಊರಿನ ಕಡೆಯ ಮನೆಗಳು ಹಿಂದೆ ಸರಿದು ಎರೆಯ ಹೊಲಗಳು ತೆರೆದುಕೊಂಡು, ಬಲಗಡೆಯಲ್ಲಿ ಕಪ್ಪತಗುಡ್ಡದ ಸಾಲು ಮಬ್ಬಿನಿಂದ ಮೆಲ್ಲನೆ ಮೈದೋರುವ ಹೊತ್ತಿಗೆ, ಪಡುವಣ ಗಾಳಿಯು ಬೆನ್ನಿಗೆ ಕೈಕೊಟ್ಟು ನೂಕುತ್ತಿರುವುದರಿಂದ, ತನ್ನ ಕಾಲುಗಳಲ್ಲಿ ಇಷ್ಟು ಬಲವಿದ್ದಿತೆ ಎಂಬ ಬೆರಗು ಉಂಟಾಗುವುದು ಸಹಜ. ಡಂಬಳದ ಬಳಿ ಸೈಕಲ್ಲನ್ನು ಹಿಂದಿರುಗಿಸಿದೊಡನೆಯೇ ಆ ಬೆರಗು ಕರಗಿ, ಅದೇ ಗಾಳಿ ಎದೆಗೆದುರಾಗಿ ನಿಂತಾಗ, ಮನೆ ಮುಟ್ಟುವುದು ಎಂದಿಗೆ ಎಂಬ ಚಿಂತೆ ಹತ್ತುತ್ತದೆ. ಉತ್ಸಾಹವೆಂದು ನಾವು ಕರೆಯುವುದರ ಸ್ವಭಾವವೂ ಬಹುಮಟ್ಟಿಗೆ ಈ ಗಾಳಿಯದೇ: ಬೆನ್ನಿಗಿರುವಾಗ ಅದನ್ನು ಸ್ವಂತ ಬಲವೆಂದು ಭ್ರಮಿಸುತ್ತೇವೆ, ಎದುರಾದಾಗ ಸ್ವಂತ ದೌರ್ಬಲ್ಯವೆಂದು ಹಳಿದುಕೊಳ್ಳುತ್ತೇವೆ.

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ನಡುವೆ ವಿರಾಮವಿಲ್ಲದೆ ಒಂದರ ಬೆನ್ನಿಗೊಂದರಂತೆ ಮುಗಿಸಬೇಕಾದ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಆಸೆ ಈಚೆಗೆ ನಮ್ಮ ಕಡೆಯ ಮಧ್ಯವಯಸ್ಕರಲ್ಲಿಯೂ ಚಿಗುರುತ್ತಿದೆ. ಆದರೆ ಅಂಗಡಿ, ಕಚೇರಿ, ಮಗ್ಗ, ಮಕ್ಕಳ ಶಾಲೆ, ಹಿರಿಯರ ಔಷಧೋಪಚಾರ ಇವುಗಳ ನಡುವೆ ಆ ಆಸೆಯು ಬಾಡಿಹೋಗುವುದೇ ಹೆಚ್ಚು. ಬಾಡುವುದಕ್ಕೆ ಕಾರಣ ಸೋಮಾರಿತನಕ್ಕಿಂತ ಮಿಗಿಲಾಗಿ, ಜನರ ಮಾತಿನಲ್ಲಿ ಚಲಾವಣೆಯಲ್ಲಿರುವ ಕೆಲವು ನಂಬಿಕೆಗಳು. ಅವನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ತಪ್ಪು ಕಲ್ಪನೆ 1: “ಮನಸ್ಸು ಬರಬೇಕ್ರಿ, ಮನಸ್ಸು ಬಂದ್ರ ಎಲ್ಲಾ ತಾನ ಆಗ್ತದ.”

ಸತ್ಯ: ಮನಸ್ಸು ಬರುವುದೇ ಬೇರೆ, ಮೈ ಏಳುವುದೇ ಬೇರೆ. ಇಂಗ್ಲೆಂಡಿನ 248 ಮಂದಿ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಭೇದವನ್ನು ಬಲು ಸ್ಪಷ್ಟವಾಗಿ ತೋರಿಸಿತು. ಒಂದು ಗುಂಪಿಗೆ ವ್ಯಾಯಾಮದ ವಿಷಯದಲ್ಲಿ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಎರಡನೆಯ ಗುಂಪಿಗೆ ವ್ಯಾಯಾಮದಿಂದ ಹೃದಯಕ್ಕಾಗುವ ಉಪಕಾರವನ್ನು ಮನಮುಟ್ಟುವಂತೆ ತಿಳಿಸಿದರು. ಮೂರನೆಯ ಗುಂಪಿಗೆ ಅದೇ ತಿಳಿವಳಿಕೆಯ ಜೊತೆಗೆ, ಬರುವ ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾವ ಸ್ಥಳದಲ್ಲಿ ವ್ಯಾಯಾಮ ಮಾಡುವೆನೆಂಬುದನ್ನು ಬರೆದಿಡಲು ಹೇಳಿದರು. ಎರಡನೆಯ ಗುಂಪಿನವರ ಮನಸ್ಸೇನೋ ಕಾದಿತು, ಆದರೆ ಕಾಲು ಕದಲಲಿಲ್ಲ: ಮೊದಲ ಎರಡು ಗುಂಪುಗಳಲ್ಲಿ ವ್ಯಾಯಾಮ ಮಾಡಿದವರು ಶೇಕಡಾ 40ನ್ನೂ ಮುಟ್ಟಲಿಲ್ಲ. ಬರೆದಿಟ್ಟವರಲ್ಲಿ ಶೇಕಡಾ 91 ಮಂದಿ ಮಾಡಿಯೇ ಮಾಡಿದರು.

ನಮ್ಮ ಊರಿನವರೇ ಆದ ಕ್ರಿಕೆಟಿಗ ಸುನೀಲ ಜೋಶಿಯವರು ಬಾಲ್ಯದಲ್ಲಿ ಬೆಳಗಾಗುವ ಮುನ್ನ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ವೇಳೆಗೆ ಮರಳಿ ಬರುತ್ತಿದ್ದರೆಂಬುದು ಎಲ್ಲರೂ ಬಲ್ಲ ಸಂಗತಿ. ಅಷ್ಟು ದೂರ ಹೋಗಿಬರಬೇಕಾದ ಹುಡುಗನಿಗೆ, ಇಂದು ಮನಸ್ಸಿದೆಯೆ ಇಲ್ಲವೆ ಎಂದು ಕೇಳಿಕೊಳ್ಳುತ್ತ ಹಾಸಿಗೆಯಲ್ಲಿ ಹೊರಳಾಡಲು ಅವಕಾಶವೆಲ್ಲಿ? ಹೊರಡುವ ಹೊತ್ತು ನಿಶ್ಚಿತ, ಶಾಲೆಯ ಗಂಟೆ ಬಾರಿಸುವ ಹೊತ್ತೂ ನಿಶ್ಚಿತ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ಓಟಗಳನ್ನಿತ್ತು 5 ಹುದ್ದರಿಗಳನ್ನು ಕಿತ್ತ ಕೈ ಪಳಗಿದುದು ಈ ನಿಶ್ಚಿತ ಹೊತ್ತುಗಳ ನಡುವೆ.

ತಪ್ಪು ಕಲ್ಪನೆ 2: “ಹಿಂದ ಮುಂದ ಯಾರೂ ಇಲ್ಲದವರ ಆಟ ಇದು, ಹೆಂಡ್ರು ಮಕ್ಕಳಿದ್ದವರಿಗೆಲ್ಲಿದ್ರೀ?”

ಸತ್ಯ: ಈ ಆಟದ ಹುಟ್ಟೇ ಸಂಸಾರಿಗಳ ನಡುವೆ ಆದುದು. 1974ರ ಸೆಪ್ಟೆಂಬರ್ 25, ಬುಧವಾರ. ಅಮೆರಿಕೆಯ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ, ದಿನದ ಕೆಲಸ ಮುಗಿಸಿ ಬಂದ ಜನ ಸಾಯಂಕಾಲದ ಹೊತ್ತಿನಲ್ಲಿ ಸೇರಿ ನಡೆಸಿದ ಸ್ಪರ್ಧೆಯೇ ಆಧುನಿಕ ಟ್ರಯಥ್ಲಾನಿನ ಮೊದಲನೆಯದು. ಪಾಲ್ಗೊಂಡವರು 46 ಮಂದಿ. ಹಿಂದುಳಿದವರು ಈಜಿ ಮುಗಿಸುವುದರೊಳಗೆ ಕತ್ತಲೆ ಕವಿದುದರಿಂದ, ದಡದಲ್ಲಿದ್ದವರು ತಮ್ಮ ಮೋಟಾರುಗಳ ದೀಪಗಳನ್ನು ನೀರಿನ ಕಡೆಗೆ ತಿರುಗಿಸಿ ದಾರಿ ತೋರಿಸಬೇಕಾಯಿತು. ಆ 46 ಜನರಲ್ಲಿ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್, ಅವರ ಪತ್ನಿ ಜೂಡಿ ಮತ್ತು ಅವರ ಮಕ್ಕಳೂ ಇದ್ದರು. ಇದೇ ದಂಪತಿಗಳು ಮುಂದೆ ಹವಾಯಿ ದ್ವೀಪಸಮೂಹದಲ್ಲಿ 1978ರ ಫೆಬ್ರುವರಿ 18ರಂದು ಐರನ್‌ಮ್ಯಾನ್ ಎಂಬ ದೀರ್ಘ ಸ್ಪರ್ಧೆಯನ್ನು ಆರಂಭಿಸಿದರು. ಹೊರಟವರು 15, ಗುರಿ ಮುಟ್ಟಿದವರು 12.

ದೂರದ ಮಾತೇಕೆ? ನಮ್ಮ ಗದಗ ನಿಲ್ದಾಣವೂ ಸೇರಿರುವ ನೈಋತ್ಯ ರೈಲ್ವೆಯಲ್ಲಿ ಲೆಕ್ಕಪತ್ರ ವಿಭಾಗದ ಅಧಿಕಾರಿಯಾಗಿದ್ದ ಶ್ರೇಯಸ್ ಹೊಸೂರ ಅವರು, 2022ರ ಜೂನಿನಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇದೇ ದೀರ್ಘ ಸ್ಪರ್ಧೆಯನ್ನು 13 ತಾಸು 26 ನಿಮಿಷಗಳಲ್ಲಿ ಮುಗಿಸಿದರು. ಉದ್ಯೋಗ ಬಿಟ್ಟು ಅಭ್ಯಾಸಕ್ಕೆ ನಿಂತವರಲ್ಲ. ಉದ್ಯೋಗದೊಳಗಿದ್ದುಕೊಂಡೇ ಹೊತ್ತು ಹೊಂದಿಸಿಕೊಂಡವರು.

ತಪ್ಪು ಕಲ್ಪನೆ 3: “ದಿನಾ ನಾಕ್ ತಾಸು ತಗೀಬೇಕು, ಅಷ್ಟ ಪುರಸೊತ್ತು ಯಾರಿಗೈತ್ರಿ?”

ಸತ್ಯ: ಟ್ರಯಥ್ಲಾನ್ ಎಂದೊಡನೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟಗಳ ಐರನ್‌ಮ್ಯಾನ್ ಮಾತ್ರವೇ ಕಣ್ಣಿಗೆ ಕಟ್ಟುವುದು ಈ ಭಯದ ಮೂಲ. ಆದರೆ ಸ್ಪ್ರಿಂಟ್ ಎಂಬ ಕಿರಿಯ ವರ್ಗದಲ್ಲಿ ಈಜು 750 ಮೀಟರ್, ಸೈಕಲ್ 20 ಕಿಲೋಮೀಟರ್, ಓಟ 5 ಕಿಲೋಮೀಟರ್ ಮಾತ್ರ; 2000ದ ಸಿಡ್ನಿ ಒಲಿಂಪಿಕ್ಸಿನಿಂದ ನಡೆದು ಬಂದಿರುವ ವರ್ಗವೂ ಇದರ ಇಮ್ಮಡಿಯಷ್ಟೇ. ಗದಗಿನಿಂದ ಡಂಬಳಕ್ಕೆ ಹೋದರೆ ಹೆಚ್ಚುಕಡಿಮೆ ಸ್ಪ್ರಿಂಟ್ ಸವಾರಿ ಮುಗಿಯಿತು. ತಿರುಗಿ ಮನೆಗೆ ಬಂದರೆ ಒಲಿಂಪಿಕ್ ಸವಾರಿಯೂ ಮುಗಿಯಿತು. ಇಷ್ಟಕ್ಕೆ ಸಿದ್ಧವಾಗಲು, ಆರೋಗ್ಯವಂತನೂ ಸ್ವಲ್ಪ ನಡೆದಾಡುವ ರೂಢಿಯುಳ್ಳವನೂ ಆದ ಗೃಹಸ್ಥನಿಗೆ, ವಾರಕ್ಕೆ ನಾಲ್ಕಾರು ತಾಸುಗಳ ಕ್ರಮವಾದ ಅಭ್ಯಾಸ ಕೆಲವು ತಿಂಗಳ ಕಾಲ ಸಾಕು.

ಆ ತಾಸುಗಳೂ ಒಟ್ಟಿಗೇ ದೊರೆಯಬೇಕೆಂಬ ನಿಯಮವಿಲ್ಲ. ವ್ಯಾಯಾಮವು ಒಮ್ಮೆಗೆ 10 ನಿಮಿಷಕ್ಕೆ ಕಡಿಮೆಯಿರಬಾರದೆಂದು ಮೊದಲು ಹೇಳುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯು, 2020ರ ತನ್ನ ಮಾರ್ಗಸೂಚಿಯಲ್ಲಿ ಆ ಕಟ್ಟಳೆಯನ್ನು ಕೈಬಿಟ್ಟು, ಆರೋಗ್ಯದ ದೃಷ್ಟಿಯಿಂದ ಪ್ರತಿಯೊಂದು ಚಲನೆಯೂ ಲೆಕ್ಕಕ್ಕೆ ಬರುವುದೆಂದು ಸಾರಿತು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಮಿಂದು ಬಂದು, ಉಟ್ಟ ಒದ್ದೆಯ ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ರಚಿಸುತ್ತಿದ್ದನೆಂಬ ಐತಿಹ್ಯವನ್ನು ನಾವೆಲ್ಲರೂ ಅಜ್ಜಿಯರ ಬಾಯಿಂದ ಕೇಳಿದ್ದೇವೆ. ಐತಿಹ್ಯದ ಸತ್ಯಾಸತ್ಯತೆ ಹೇಗಾದರೂ ಇರಲಿ, ಅದನ್ನು ಉಳಿಸಿಕೊಂಡು ಬಂದ ಜನ ಒಂದು ಮಾತನ್ನು ಬಲ್ಲವರಾಗಿದ್ದರು: ಬಟ್ಟೆ ಆರುವಷ್ಟು ಹೊತ್ತು ದಿನವೂ ತಪ್ಪದೆ ಬಂದರೆ ಭಾರತವೇ ಮುಗಿಯುತ್ತದೆ.

ತಪ್ಪು ಕಲ್ಪನೆ 4: “ಇಪ್ಪತ್ತೊಂದು ದಿನ ಬಿಡದ ಮಾಡಿದ್ರ ರೂಢಿ ಬೀಳ್ತದ, ನಡುವ ಒಂದಿನ ತಪ್ಪಿತೋ, ಎಲ್ಲಾ ಹೋತು.”

ಸತ್ಯ: 21 ದಿನಗಳ ಮಾತು ಹರಡಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಶಸ್ತ್ರವೈದ್ಯನು 1960ರಲ್ಲಿ ಪ್ರಕಟಿಸಿದ ಒಂದು ಗ್ರಂಥದಿಂದ. ತನ್ನ ರೋಗಿಗಳು ಶಸ್ತ್ರಚಿಕಿತ್ಸೆಯ ಅನಂತರ ತಮ್ಮ ಹೊಸ ರೂಪಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ತೆಗೆದುಕೊಳ್ಳುತ್ತಾರೆಂದು ಆತನು ಹೇಳಿದ್ದನೇ ಹೊರತು, ರೂಢಿಯ ಪ್ರಯೋಗವನ್ನು ನಡೆಸಿದವನಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ ಕಂಡುಕೊಂಡುದು ಬೇರೆಯೇ: ರೂಢಿ ಬೀಳಲು ನಡುಮಟ್ಟದ ಅವಧಿ 66 ದಿನ, ಲೆಕ್ಕದ ಪ್ರಕಾರ ಕೆಲವರಿಗೆ 18, ಕೆಲವರಿಗೆ 254. ಅದಕ್ಕಿಂತ ಸಮಾಧಾನದ ಸಂಗತಿಯೆಂದರೆ, ನಡುವೆ ಒಂದು ದಿನ ತಪ್ಪಿದುದರಿಂದ ರೂಢಿಗೆ ಹೇಳಿಕೊಳ್ಳುವಂಥ ಬಾಧೆಯೇನೂ ತಟ್ಟಲಿಲ್ಲ.

ನಮ್ಮ ಕಡೆ ದಿನ ತಪ್ಪದೆ ಇರುವುದು ಹೇಗೆ ಸಾಧ್ಯ? ನಳಕ್ಕೆ ನೀರು ಬಂದ ದಿನ ಗದಗ-ಬೆಟಗೇರಿಯ ಮನೆಯಲ್ಲಿ ಕೊಡ, ಬಕೆಟ್ಟು, ಡ್ರಮ್ಮು, ಕೊನೆಗೆ ಅಡುಗೆಯ ಪಾತ್ರೆಗಳವರೆಗೆ ಎಲ್ಲವೂ ತುಂಬುವ ತನಕ ಯಾರೂ ಹೊಸಿಲು ದಾಟುವಂತಿಲ್ಲ. ಓಟದ ಬೂಟುಗಳು ಬಾಗಿಲ ಬಳಿ ಬಾಯಿ ತೆರೆದುಕೊಂಡು ಕಾಯುತ್ತಿರಬೇಕು. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗೆ ಬೀಗರು ಬರುತ್ತಾರೆ. ಹೆಸರು ಬಿಡಿಸುವ ದಿನ ಹೊಲಕ್ಕೆ ಹೋಗಬೇಕಾಗುತ್ತದೆ. ಇಂಥ ವಾರಗಳಿಗೆಂದೇ ನೆನಪಿಡಬೇಕಾದ ಒಂದು ಪ್ರಯೋಗವಿದೆ. 1981ರಲ್ಲಿ ಹಿಕ್ಸನ್ ಮತ್ತು ರೋಸೆನ್‌ಕೋಟರ್ ಎಂಬ ವಿಜ್ಞಾನಿಗಳು, ವಾರಕ್ಕೆ 6 ದಿನ ಕಠಿಣ ಅಭ್ಯಾಸ ಮಾಡುತ್ತಿದ್ದವರ ದಿನಗಳನ್ನು 4ಕ್ಕೆ, ಕೆಲವರಿಗೆ 2ಕ್ಕೇ ಇಳಿಸಿ, ದಿನದ ಅವಧಿಯನ್ನೂ ತೀವ್ರತೆಯನ್ನೂ ಮಾತ್ರ ಮೊದಲಿನಂತೆಯೇ ಇರಿಸಿದರು. 15 ವಾರಗಳ ಬಳಿಕವೂ ಅವರ ದೇಹದ ಆಮ್ಲಜನಕ ಬಳಕೆಯ ಸಾಮರ್ಥ್ಯ ಬಹುಮಟ್ಟಿಗೆ ಕುಂದಲಿಲ್ಲ. ಗಳಿಸುವುದು ಕಷ್ಟ, ಗಳಿಸಿದುದನ್ನು ಕಾಪಾಡಿಕೊಳ್ಳುವುದು ಅಷ್ಟು ಕಷ್ಟವಲ್ಲ.

ತಪ್ಪು ಕಲ್ಪನೆ 5: “ನಸುಕಿನ್ಯಾಗ ಮೂರಕ್ಕ ಏಳಬೇಕು, ನಿದ್ದಿ ಬಿಟ್ಟವಗಷ್ಟ ಇದು.”

ಸತ್ಯ: ದೇಹ ಬಲಗೊಳ್ಳುವುದು ಓಡುವಾಗಲ್ಲ, ಓಡಿದ ಮೇಲೆ ವಿಶ್ರಮಿಸುವಾಗ. ಪ್ರಾಪ್ತವಯಸ್ಕರಿಗೆ ರಾತ್ರಿ 7 ತಾಸಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂಬುದು ವೈದ್ಯರ ಅಭಿಪ್ರಾಯ. 5ಕ್ಕೆ ಏಳುವವನು 10ರೊಳಗೆ ಮಲಗಲೇಬೇಕು. ಕದಿಯಬೇಕಾದುದು ನಿದ್ರೆಯನ್ನಲ್ಲ, ಮಲಗುವ ಮುನ್ನ ಮೊಬೈಲಿನ ಮೇಲೆ ಬೆರಳಾಡಿಸುವ ಆ ಒಂದು ತಾಸನ್ನು.

ತಪ್ಪು ಕಲ್ಪನೆ 6: “ನಮ್ಮ ಬಯಲುಸೀಮಿಯಾಗ ಈಜಾಕ ನೀರೆಲ್ಲಿ? ಲಕ್ಷ ರೂಪಾಯಿ ಸೈಕಲ್ಲೆಲ್ಲಿ?”

ಸತ್ಯ: ಸ್ಪರ್ಧೆಯ ಒಟ್ಟು ದೂರದಲ್ಲಿ ಈಜಿನ ಪಾಲು ಸ್ಪ್ರಿಂಟಿನಲ್ಲಿ ಶೇಕಡಾ 3ಕ್ಕೂ ಕಡಿಮೆ. ಸೋರೆಬುರುಡೆ ಕಟ್ಟಿಕೊಂಡು ಮೆಟ್ಟಿಲಬಾವಿಯಲ್ಲಿ ಈಜು ಕಲಿತ ಹಿರಿಯರ ಈ ನಾಡಿನಲ್ಲಿ ವಾರಕ್ಕೆ ಒಂದೆರಡು ಬಾರಿ ಈಜುವುದು ಅಸಾಧ್ಯವಲ್ಲ; ಕಾವಲಿರುವ ಈಜುಕೊಳ ಹುಬ್ಬಳ್ಳಿಯಲ್ಲಿದ್ದರೂ ಆದೀತು. ಆದರೆ ಒಬ್ಬನೇ ಬಾವಿಗಾಗಲಿ ಕೆರೆಗಾಗಲಿ ಇಳಿಯಬಾರದು. ಮುಂಡರಗಿಯ ಕಡೆ ತುಂಗಭದ್ರೆಯ ಬ್ಯಾರೇಜಿನ ಹಿನ್ನೀರನ್ನು ನೋಡಿ ಮೋಹಗೊಳ್ಳಲೂ ಬಾರದು. ಸೈಕಲ್ಲಿನ ವಿಷಯದಲ್ಲಂತೂ ನಮಗೆ ಕೊರತೆಯಿಲ್ಲ: ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಗೆ ನೆಲವಿತ್ತ ಊರು ನಮ್ಮದು. ಬ್ರೇಕು ಸರಿಯಿರುವ ಸೈಕಲ್ಲು, ತಲೆಗೆ ಹೆಲ್ಮೆಟ್ಟು, ಇವೆರಡಿದ್ದರೆ ಅಭ್ಯಾಸ ಆರಂಭಿಸಬಹುದು.

ಭಾನುವಾರದ ದೀರ್ಘ ಸವಾರಿಯನ್ನು ಮನೆಯವರಿಂದ ಕದ್ದ ಹೊತ್ತೆಂದು ತಿಳಿಯುವುದೂ ಅನಗತ್ಯ. ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದ ಮಾಗಡಿ ಕೆರೆಗೆ, 2024ರಲ್ಲಿ ರಾಮ್ಸಾರ್ ತಾಣವೆಂಬ ಮನ್ನಣೆ ಪಡೆದ ಆ ನೀರಿಗೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ನೀವು ಸೈಕಲ್ಲಿನ ಮೇಲೆ ನಸುಕಿನಲ್ಲಿ ಹೊರಡಿರಿ. ಮನೆಯವರು ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡು ಬೆಳಗಾದ ಮೇಲೆ ಬರಲಿ. ಏರಿಯ ಮೇಲೆ ಎಲ್ಲರೂ ಕುಳಿತು ಉಂಡು, ಕೆಲಸವಿದ್ದರೆ ಲಕ್ಷ್ಮೇಶ್ವರಕ್ಕೂ ಹೋಗಿ ಮರಳಿರಿ.

ತಪ್ಪು ಕಲ್ಪನೆ 7: “ಮನಿ ಹೆಣ್ಣಮಕ್ಕಳಿಗೆ ಮನಿ ಕೆಲಸನ ಸಾಕ್ರಿ, ಬ್ಯಾರೆ ಕಸರತ್ತು ಯಾಕ?”

ಸತ್ಯ: ಬೆಳಗಿನ 5ಕ್ಕೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುವಾಗ, ಗಂಡನು ಬೂಟಿನ ದಾರ ಬಿಗಿದು ಓಡಲು ಹೊರಟನೆಂದರೆ, ಅವನ ಆ ಒಂದು ತಾಸಿನ ಬಿಡುವನ್ನು ದುಡಿದುಕೊಟ್ಟವಳು ಅವಳೆಂಬುದನ್ನು ಮರೆಯುವಂತಿಲ್ಲ. ದುಡಿಮೆಯಿಂದ ಆಯಾಸ ಬರುತ್ತದೆ. ಅಭ್ಯಾಸಕ್ಕೆ ಬೇಕಾದುದು ತನಗೆಂದು ಮೀಸಲಾದ ಹೊತ್ತು. ಅಮೆರಿಕೆಯ ಸನ್ಯಾಸಿನಿ ಮಡೋನಾ ಬ್ಯೂಡರ್ 48ನೆಯ ವಯಸ್ಸಿನಲ್ಲಿ ಓಡಲಾರಂಭಿಸಿ, 2012ರಲ್ಲಿ 82ನೆಯ ವಯಸ್ಸಿನಲ್ಲಿ ಐರನ್‌ಮ್ಯಾನ್ ಮುಗಿಸಿದಳು. ಬೆಂಗಳೂರಿನ ರಸ್ತೆಗಳಲ್ಲಿ ಸೈಕಲ್ ತುಳಿದು ಪಳಗಿದ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ, ಮೂರು ದಿನಗಳಲ್ಲಿ 10 ಕಿಲೋಮೀಟರ್ ಈಜಿ, 420 ಕಿಲೋಮೀಟರ್ ಸೈಕಲ್ ತುಳಿದು, 84 ಕಿಲೋಮೀಟರ್ ಓಡುವ ಅಲ್ಟ್ರಾಮ್ಯಾನ್ ಸ್ಪರ್ಧೆಯನ್ನು ಪೂರೈಸಿದರು. ಶಕ್ತಿಯ ಪ್ರಶ್ನೆ ಇಲ್ಲಿಗೆ ತೀರಿತು. ಉಳಿದುದು ಸರದಿಯ ಪ್ರಶ್ನೆ. 1905ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದ ಜಿಲ್ಲೆಯವರಿಗೆ, ಒಂದೇ ಮನೆಯೊಳಗೆ ಬೆಳಗಿನ ಹೊತ್ತನ್ನು ಹಂಚಿಕೊಳ್ಳುವ ಸಹಕಾರವನ್ನು ಹೊಸದಾಗಿ ಕಲಿಸಬೇಕೆ?

ಇಷ್ಟನ್ನೂ ಓದಿದ ಮೇಲೆ ಉತ್ಸಾಹ ಉಕ್ಕಿತೆಂದು ನಾಳೆಯೇ ಡಂಬಳದವರೆಗೆ ಹೋಗಬೇಡಿರಿ. 40 ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹವುಳ್ಳವರು ಮೊದಲು ವೈದ್ಯರನ್ನು ಕಾಣಿರಿ. ಅನಂತರ, ಈ ರಾತ್ರಿ ಊಟವಾದ ಮೇಲೆ, ಮನೆಮಂದಿಯೆಲ್ಲ ಎದುರಿಗಿರುವಾಗ, ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ, ಬರುವ ವಾರದ ಮೂರು ದಿನಗಳ ಮನೆಗಳಲ್ಲಿ ಗಂಟೆಯನ್ನೂ ಸ್ಥಳವನ್ನೂ ನಿಮ್ಮ ಕೈಯಿಂದ ಬರೆಯಿರಿ. ಪಕ್ಕದ ಇನ್ನು ಮೂರು ದಿನಗಳ ಮನೆಗಳಲ್ಲಿ ಅವರ ಕೈಯಿಂದ ಬರೆಯಿಸಿರಿ.