ಶಾಸನ ಕ್ಷೇತ್ರಕಾರ್ಯ ಮತ್ತು ಸ್ಮಾರ್ಟ್‌ಫೋನ್: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳನ್ನು ಅನುಲಕ್ಷಿಸಿ

ಶಾಸನದ ಓದು ಕಲ್ಲಿನ ಮುಂದೆ ಆರಂಭವಾಗಿ ಬಹುಮಟ್ಟಿಗೆ ಮೇಜಿನ ಮೇಲೆ ಮುಗಿಯುತ್ತದೆ. ಈ ಎರಡನ್ನೂ ಜೋಡಿಸುವುದು ಪ್ರತಿ. ಪ್ರತಿ ಎಷ್ಟು ಶುದ್ಧವೋ ಪಾಠ ಅಷ್ಟೇ ಶುದ್ಧ. ಬಹುಕಾಲ ಪ್ರತಿ ಎಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಹೊಂದಿಸಿ, ಕುಂಚದಿಂದ ಬಡಿದು, ಮಸಿ ತಟ್ಟಿ ತೆಗೆದ ಪಡಿಯಚ್ಚು ಎಂದೇ ಅರ್ಥವಿತ್ತು. ಇಂದು ನಮ್ಮ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳು ಊರಿನಿಂದ ತರುವುದು ಹೆಚ್ಚಾಗಿ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು. ದಾರಿ ತೋರಿಸುವ ನಕ್ಷೆಯೂ ಟಿಪ್ಪಣಿ ಪುಸ್ತಕವೂ ಅದೇ ಉಪಕರಣವಾಗಿದೆ. ಹೀಗೆ ತಂದ ಚಿತ್ರವನ್ನು ಆಕರವೆಂದು ಯಾವ ಷರತ್ತುಗಳ ಮೇಲೆ ಒಪ್ಪಬಹುದು ಎಂಬುದನ್ನು ಬೆಳಗಾವಿ ಜಿಲ್ಲೆಯ ಉತ್ತರದ ಐದು ತಾಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿನ್ನೆಲೆ

ಛಾಯಾಚಿತ್ರಕ್ಕೂ ಕನ್ನಡ ಶಾಸನಗಳಿಗೂ ಇರುವ ನಂಟು ಹೊಸದಲ್ಲ. 1865ರಲ್ಲಿ ಮೈಸೂರು ಸರಕಾರವು ಮೇಜರ್ ಡಿಕ್ಸನ್ ಅವರಿಂದ ಶಾಸನಗಳ ಛಾಯಾಚಿತ್ರಗಳನ್ನು ತೆಗೆಸಿತು. ಬಿ.ಎಲ್. ರೈಸ್ ಅವರ 1879ರ ‘ಮೈಸೂರ್ ಇನ್‌ಸ್ಕ್ರಿಪ್ಶನ್ಸ್’ ಗ್ರಂಥಕ್ಕೆ ಈ ಚಿತ್ರಗಳೇ ಮುಖ್ಯ ಆಧಾರ. ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು 1886ರಿಂದ ಹೊರಬರತೊಡಗಿದಾಗ ಸ್ಥಳದಲ್ಲಿಯೇ ಮೂಲವನ್ನು ಕಂಡು ಪ್ರತಿ ಮಾಡಿಸುವ ಕ್ರಮ ನೆಲೆಗೊಂಡಿತು. ಚಿತ್ರವು ಓದಿಗೆ ಬಾಗಿಲು ತೆರೆಯಬಲ್ಲದು, ಆದರೆ ಅದು ಕಲ್ಲಿನ ಸ್ಥಾನವನ್ನು ತುಂಬಲಾರದು ಎಂಬ ವಿವೇಕ ಈ ಬೆಳವಣಿಗೆಯಲ್ಲಿ ಅಡಗಿದೆ. ಸ್ಮಾರ್ಟ್‌ಫೋನಿನ ಕಾಲಕ್ಕೂ ಈ ಮಾತು ಸಲ್ಲುತ್ತದೆ.

2. ಪ್ರದೇಶದ ಮಹತ್ವ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲು ಕನ್ನಡ ಸಂಶೋಧನೆಗೆ ಬೇಕಾದ ಸಾಮಗ್ರಿಯನ್ನು ಹೇರಳವಾಗಿ ಒದಗಿಸಿದೆ. ಜೈನ ಸಾಹಿತ್ಯ ಮತ್ತು ಪ್ರಾಕೃತ ಅಧ್ಯಯನದಲ್ಲಿ ಅಗ್ರಗಣ್ಯರಾದ ಡಾ. ಆ.ನೇ. ಉಪಾಧ್ಯೆ 1906ರಲ್ಲಿ ಜನಿಸಿದ್ದು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ. ಅವರು ಅಧ್ಯಾಪನ ನಡೆಸಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ರಾಯಬಾಗದಲ್ಲಿ ರಟ್ಟರ ಕಾಲದ ಶಾಸನವಿದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ 1208ರ ತಾಮ್ರಪಟ ಭೋಜದ ಹೆಸರಿನಿಂದ ಪ್ರಸಿದ್ಧವಾಗಿದೆ. ಕಾಗವಾಡದ ಶಕವರ್ಷ 1316ರ, ಅಂದರೆ ಕ್ರಿ.ಶ. 1394ರ ಶಾಸನವು ಯಾಪನೀಯ ಸಂಘವನ್ನು ಹೆಸರಿಸುತ್ತದೆ. ಯಾಪನೀಯರ ಕುರಿತು ತಿಳಿದಿರುವ ತೀರ ಈಚಿನ ಉಲ್ಲೇಖಗಳಲ್ಲಿ ಇದೂ ಒಂದು. ಆ ಪಂಥ ಹದಿನಾಲ್ಕನೆಯ ಶತಮಾನದ ಕೊನೆಯವರೆಗೂ ಉಳಿದಿತ್ತು ಎಂಬ ನಿರ್ಣಯದ ಭಾರ ಇಂಥ ಶಾಸನದ ಕಾಲೋಲ್ಲೇಖದ ಮೇಲೆ ನಿಂತಿದೆ. ಒಂದು ಅಂಕಿ ತಪ್ಪಾಗಿ ಕಂಡರೂ ಒಂದು ಧಾರ್ಮಿಕ ಪರಂಪರೆಯ ಆಯುಷ್ಯವೇ ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಚಿತ್ರದ ಪ್ರಾಮಾಣ್ಯದ ಪ್ರಶ್ನೆ ಕೇವಲ ತಾಂತ್ರಿಕವಲ್ಲ ಎನ್ನುವುದು ಇದರಿಂದ ಸ್ಪಷ್ಟವಾಗುತ್ತದೆ.

3. ಬೆಳಕು ಮತ್ತು ಕೋನ

ಶಾಸನದ ಅಕ್ಷರಕ್ಕೆ ಕಲ್ಲಿಗಿಂತ ಬೇರೆಯಾದ ಬಣ್ಣವಿಲ್ಲ, ಇರುವುದು ತಗ್ಗು ಮಾತ್ರ. ಆ ತಗ್ಗನ್ನು ತೋರಿಸಬಲ್ಲದ್ದು ನೆರಳು. ಫೋನಿನ ಫ್ಲ್ಯಾಶ್ ಮಸೂರದ ಪಕ್ಕದಲ್ಲಿಯೇ ಇರುವುದರಿಂದ ಬೆಳಕು ನೇರವಾಗಿ ಕಲ್ಲಿನ ಮೇಲೆ ಬಿದ್ದು ನೆರಳನ್ನು ಅಳಿಸುತ್ತದೆ. ಆದುದರಿಂದ ಫ್ಲ್ಯಾಶನ್ನು ಬಳಸದಿರುವುದು ಮೊದಲ ನಿಯಮ. ಬೇಕಾದುದು ಓರೆಬೆಳಕು. ಪೂರ್ವಾಭಿಮುಖವಾದ ಕಲ್ಲಿಗೆ ಬಿಸಿಲು ನೆತ್ತಿಯ ಕಡೆ ಏರಿ ಕಲ್ಲಿನ ಮೈಯನ್ನು ಸವರಿಕೊಂಡು ಬೀಳತೊಡಗುವ ಹೊತ್ತು, ಪಶ್ಚಿಮಾಭಿಮುಖವಾದುದಕ್ಕೆ ಅದು ಆ ಬದಿಗೆ ಹೊರಳುವ ಹೊತ್ತು ಅನುಕೂಲಕರ. ಗರ್ಭಗುಡಿಯಂಥ ಕತ್ತಲೆಯ ಎಡೆಯಲ್ಲಿ ಸಹಾಯಕರೊಬ್ಬರು ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿನ ಮೈಗೆ ಬಹುತೇಕ ಸಮಾಂತರವಾಗಿ ಹಿಡಿಯಬೇಕು. ಎಡ, ಬಲ, ಮೇಲು, ಕೆಳಗು ಹೀಗೆ ನಾಲ್ಕು ದಿಕ್ಕಿನ ಬೆಳಕಿನಲ್ಲಿ ಕ್ಯಾಮೆರಾವನ್ನು ಕದಲಿಸದೆ ನಾಲ್ಕು ಚಿತ್ರಗಳನ್ನು ತೆಗೆದರೆ, ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ನಾಲ್ಕರಲ್ಲಿಯೂ ಒಂದೇ ತೆರನಾಗಿ ನಿಲ್ಲುವ ಗೆರೆಗೆ ಹೆಚ್ಚಿನ ಬೆಲೆಯಿದೆ.

ಬೆಳಕಿನ ದಿಕ್ಕನ್ನು ಬರೆದಿಡುವುದೂ ಅಗತ್ಯ. ಬೆಳಕು ಮೇಲಿನಿಂದ ಬರುತ್ತದೆ ಎಂದು ಭಾವಿಸುವುದು ನಮ್ಮ ಕಣ್ಣಿನ ರೂಢಿ. ಹೀಗಾಗಿ ಕೆಳಗಿನಿಂದ ಬೆಳಗಿಸಿದ ಚಿತ್ರದಲ್ಲಿ ಕೊರೆದ ಅಕ್ಷರವು ಉಬ್ಬಿದಂತೆ ತೋರಬಹುದು. ಕ್ಯಾಮೆರಾ ಕಲ್ಲಿಗೆ ಲಂಬವಾಗಿರಬೇಕು. ಅಗಲನೋಟದ ಮಸೂರವು ಅಂಚಿನ ಅಕ್ಷರಗಳನ್ನು ಎಳೆಯುವುದರಿಂದ ಮುಖ್ಯ ಮಸೂರವನ್ನೇ ಬಳಸಬೇಕು. ಮೊದಲು ಇಡೀ ಕಲ್ಲು, ಆಮೇಲೆ ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಸಾಲುಗಳ ಚಿತ್ರ, ಪ್ರತಿಯೊಂದರಲ್ಲಿಯೂ ಅಳತೆಪಟ್ಟಿ ಇರುವುದು ಸರಿಯಾದ ಕ್ರಮ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಎಣ್ಣೆ, ಸೀಮೆಸುಣ್ಣಗಳನ್ನು ತಿಕ್ಕುವುದು ಸಲ್ಲದು. ಅದರಿಂದ ಕಲ್ಲು ಕೆಡುತ್ತದೆ. ಅಷ್ಟೇ ಅಲ್ಲ, ಓದುಗನ ಊಹೆಯೇ ಕಲ್ಲಿನ ಮೇಲೆ ಮೂಡಿಬಿಡುತ್ತದೆ.

4. ಯಂತ್ರದ ‘ತಿದ್ದುಪಡಿ’

ಹಳೆಯ ಕ್ಯಾಮೆರಾಕ್ಕೂ ಸ್ಮಾರ್ಟ್‌ಫೋನಿಗೂ ಇರುವ ಮೂಲಭೂತ ವ್ಯತ್ಯಾಸವನ್ನು ಸಂಶೋಧಕರು ಗಮನಿಸಬೇಕು. ಫೋನು ಒಂದು ಒತ್ತಿಗೆ ಹಲವು ಚಿತ್ರಗಳನ್ನು ತೆಗೆದು ಬೆರೆಸುತ್ತದೆ; ಕಾಳುಕಾಳಾದ ಭಾಗವನ್ನು ನಯಗೊಳಿಸುತ್ತದೆ; ಅಂಚುಗಳನ್ನು ಹರಿತಗೊಳಿಸುತ್ತದೆ. ಕೆಲವು ಫೋನುಗಳು ಕಲಿತುಕೊಂಡ ಮಾದರಿಗಳ ನೆರವಿನಿಂದ, ಮಸೂರವು ಕಾಣದ ವಿವರವನ್ನೂ ತುಂಬುತ್ತವೆ. ಸ್ಯಾಮ್‌ಸಂಗ್ ಫೋನುಗಳು ಚಂದ್ರನ ಮಸುಕಾದ ಚಿತ್ರಕ್ಕೆ ವಿವರಗಳನ್ನು ಸೇರಿಸುತ್ತವೆ ಎಂಬುದು 2023ರಲ್ಲಿ ಜಗತ್ತಿನಾದ್ಯಂತ ಚರ್ಚೆಗೆ ಬಂದಿತು. ಇದಕ್ಕೂ ಮೊದಲು, 2013ರಲ್ಲಿ, ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕ ತಜ್ಞರು ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ದಾಖಲೆಯನ್ನು ಸ್ಕ್ಯಾನ್ ಮಾಡುವಾಗ 6ನ್ನು 8 ಮಾಡುತ್ತಿದ್ದುದನ್ನು ತೋರಿಸಿದ್ದರು. ಕಡತದ ಗಾತ್ರ ಕುಗ್ಗಿಸುವಾಗ ಯಂತ್ರವು ಹೋಲುವ ಅಂಕಿಗಳನ್ನು ಒಂದೇ ಎಂದು ಬಗೆದದ್ದು ಇದಕ್ಕೆ ಕಾರಣ. ಪುಟ ಸ್ವಚ್ಛವಾಗಿಯೇ ಇತ್ತು, ಅಂಕಿ ಮಾತ್ರ ಬೇರೆಯಾಗಿತ್ತು.

ಹಳಗನ್ನಡ ಲಿಪಿಯಲ್ಲಿ ‘ಪ’ಕಾರ ‘ವ’ಕಾರಗಳ ಭೇದವು ಅಕ್ಷರದ ಮೇಲ್ಭಾಗ ತೆರೆದಿದೆಯೋ ಕೂಡಿದೆಯೋ ಎಂಬುದರಲ್ಲಿದೆ. ಸವೆದ ಕಲ್ಲಿನ ಬಿರುಕನ್ನು ಯಂತ್ರವು ಹರಿತಗೊಳಿಸಿದರೆ ತೆರೆದದ್ದು ಕೂಡಬಹುದು. ತೆಳುವಾದ ಗೆರೆಯನ್ನು ನಯಗೊಳಿಸಿದರೆ ಕೂಡಿದ್ದು ತೆರೆಯಬಹುದು. ಪಡಿಯಚ್ಚಿನಲ್ಲಿಯೂ ದೋಷಗಳಿರುತ್ತವೆ. ಆದರೆ ಅಲ್ಲಿ ಮಸಿ ಹತ್ತದ ಎಡೆ ಹತ್ತದ ಎಡೆಯಾಗಿಯೇ ಕಾಣುತ್ತದೆ. ಫೋನಿನ ಚಿತ್ರದಲ್ಲಿ ಸಂದೇಹದ ಎಡೆಯೂ ನಿಶ್ಚಿತವೆಂಬಂತೆ ಹೊಳೆಯುತ್ತದೆ. ಇದೇ ನಿಜವಾದ ಅಪಾಯ.

ಇದಕ್ಕೆ ಪರಿಹಾರ ಕಷ್ಟವಲ್ಲ. ಸೌಲಭ್ಯವಿರುವ ಫೋನಿನಲ್ಲಿ ಅಲ್ಪ ಸಂಸ್ಕರಣದ ‘ರಾ’ ಕಡತವನ್ನೂ ಉಳಿಸಬೇಕು. ಡಿಜಿಟಲ್ ಜೂಮ್, ಸೌಂದರ್ಯವರ್ಧನೆ, ರಾತ್ರಿ ಮೋಡ್‌ಗಳನ್ನು ತೊರೆದು ಕಲ್ಲಿನ ಹತ್ತಿರಕ್ಕೇ ಹೋಗಬೇಕು. ಮುಖ್ಯವಾಗಿ, ಸಂದಿಗ್ಧ ಅಕ್ಷರಗಳನ್ನು ಕಲ್ಲಿನ ಮುಂದೆ ನಿಂತೇ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ ಟಿಪ್ಪಣಿಯಲ್ಲಿ ಗುರುತು ಹಾಕಬೇಕು. ಚಿತ್ರಗಳನ್ನು ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅವು ಕುಗ್ಗುತ್ತವೆ, ಸ್ಥಳ ಕಾಲಗಳ ಅಂತರ್ಗತ ಮಾಹಿತಿಯೂ ಅಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತವೇ ತಲುಪುತ್ತದೆ.

5. ದಾರಿಯ ಸಂಗಾತಿ

ಸ್ಥಳನಿರ್ದೇಶದಲ್ಲಿ ಫೋನಿನ ಉಪಕಾರ ದೊಡ್ಡದು. ರಾಯಬಾಗವು ಸ್ವಾತಂತ್ರ್ಯಪೂರ್ವದಲ್ಲಿ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ನಿಪ್ಪಾಣಿ, ಕಾಗವಾಡಗಳು ತಾಲೂಕುಗಳಾದದ್ದು 2018ರಲ್ಲಿ. ಆದುದರಿಂದ ಹಳೆಯ ಗ್ರಂಥಗಳಲ್ಲಿ ಭೋಜವು ಚಿಕ್ಕೋಡಿ ತಾಲೂಕಿನಲ್ಲಿಯೂ ಕಾಗವಾಡವು ಅಥಣಿ ತಾಲೂಕಿನಲ್ಲಿಯೂ ಇರುತ್ತವೆ. ಉಗಾರ ಖುರ್ದ, ಉಗಾರ ಬುದ್ರುಕಗಳಂಥ ಜೋಡಿ ಊರುಗಳಲ್ಲಿ ‘ಉಗಾರ’ ಎಂದಷ್ಟೇ ಬರೆದ ಟಿಪ್ಪಣಿ ನಿರುಪಯುಕ್ತ. ಆಡಳಿತದ ಗಡಿ ಬದಲಾದರೂ ಅಕ್ಷಾಂಶ ರೇಖಾಂಶಗಳು ಬದಲಾಗವು. ದಶಮಾಂಶದ ನಾಲ್ಕನೆಯ ಸ್ಥಾನ ಅಕ್ಷಾಂಶದಲ್ಲಿ ಸುಮಾರು 11 ಮೀಟರ್ ಅಂತರವನ್ನು ಸೂಚಿಸುತ್ತದೆ. ಉಪಗ್ರಹದ ಸಂಕೇತಕ್ಕೆ ಮೊಬೈಲ್ ನೆಟ್‌ವರ್ಕ್ ಬೇಡ, ತೆರೆದ ಆಕಾಶ ಬೇಕು. ಹೀಗಾಗಿ ಗುಡಿಯೊಳಗಿನ ಶಾಸನದ ಸ್ಥಾನವನ್ನು ಅಂಗಳದಲ್ಲಿ ನಿಂತು ದಾಖಲಿಸಿ, ಒಳಗಿನ ಎಡೆಯನ್ನು ಮಾತಿನಲ್ಲಿ ಬರೆಯಬೇಕು. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಡೆಯೂ ಅದು ನೆರವಾಗುತ್ತದೆ.

ಆದರೆ ನಕ್ಷೆಗೂ ಮಿತಿಯಿದೆ. ಮಳೆಗಾಲದಲ್ಲಿ ಕೃಷ್ಣಾ ನದಿ ಏರಿದಾಗ ಕಲ್ಲೋಳ–ಯಡೂರ ಸೇತುವೆಯಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ. ನಕ್ಷೆಯ ಸಮೀಪದ ದಾರಿ ನೀರಿನ ಕೆಳಗೆ ಇರಬಹುದು. ಊರವರನ್ನು ಕೇಳದೆ ಮುಂದುವರಿಯುವುದು ವಿವೇಕವಲ್ಲ. 2005, 2019 ಮತ್ತು 2021ರ ಪ್ರವಾಹಗಳನ್ನು ಕಂಡ ಈ ದಂಡೆಯಲ್ಲಿ ದಾಖಲೀಕರಣಕ್ಕೆ ಅವಸರವಿದೆ ಎಂಬುದೂ ಅಷ್ಟೇ ಸತ್ಯ.

6. ಅನುಮತಿ ಮತ್ತು ಸಂಗ್ರಹ

ಬಸದಿಯ ಉಪಾಧ್ಯೆ, ಗುಡಿಯ ಗುರವ, ಮಠದ ಹಿರಿಯರು ಈ ಕಲ್ಲುಗಳನ್ನು ಇಷ್ಟು ಕಾಲ ಕಾಯ್ದವರು. ಅವರ ಒಪ್ಪಿಗೆ ಪಡೆಯುವುದು, ಓದಿದ ಪಾಠವನ್ನು ಅವರಿಗೂ ತಲುಪಿಸುವುದು ಸಂಶೋಧಕರ ಹೊಣೆ. ಕನ್ನಡ, ಮರಾಠಿ ಎರಡನ್ನೂ ಆಡುವ ಈ ಭಾಗದಲ್ಲಿ ಊರು ತೇದಿಗಳಿಲ್ಲದ ಶಾಸನಚಿತ್ರವು ಗಡಿವಾದದ ಸರಕಾಗುವುದು ಸುಲಭ. ಪೂರ್ಣ ದಾಖಲೆಯುಳ್ಳ ಚಿತ್ರ ಮಾತ್ರ ಪ್ರಮಾಣವಾಗಿ ಉಳಿಯುತ್ತದೆ. ನಿಧಿಗಳ್ಳರ ಭಯವಿರುವೆಡೆ ಕರಾರುವಾಕ್ಕಾದ ಸ್ಥಾನವನ್ನು ವಿಭಾಗದ ಸಂಗ್ರಹದಲ್ಲಿಟ್ಟು, ಪ್ರಕಟಣೆಯಲ್ಲಿ ಊರಿನ ಹೆಸರನ್ನಷ್ಟೇ ಕೊಡುವುದು ಲೇಸು.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುವ ಯೋಜನೆಯನ್ನು ನಡೆಸುತ್ತ ಬಂದಿದೆ. ಅಂಥ ಯಂತ್ರ ಪ್ರತಿಯೊಂದು ಕಾಲೇಜಿಗೂ ಎಟುಕಲಾರದು, ಫೋನು ಎಟುಕುತ್ತದೆ. ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ಸುತ್ತಲಿನ ಹತ್ತು ಊರುಗಳನ್ನು ಆಯ್ದು, ಮೇಲಿನ ಕ್ರಮದಲ್ಲಿ ಚಿತ್ರಿಸಿ, ಮೂಲ ಕಡತಗಳನ್ನು ಎರಡು ಕಡೆ ಕಾಯ್ದಿರಿಸಿದರೆ ಮುಂದಿನ ಓದುಗರಿಗೆ ಮರುಪರಿಶೀಲನೆಯ ಅವಕಾಶ ದೊರೆಯುತ್ತದೆ. ಒಟ್ಟಿನಲ್ಲಿ ಸ್ಮಾರ್ಟ್‌ಫೋನಿನ ಚಿತ್ರವನ್ನು ಆಕರವೆಂದು ಒಪ್ಪಬಹುದು. ಬೆಳಕಿನ ದಿಕ್ಕು, ಅಳತೆ, ಸ್ಥಾನ, ಕಾಲ ಮತ್ತು ಮೂಲ ಕಡತ ಈ ಐದೂ ಜೊತೆಗಿರಬೇಕು. ಕಲ್ಲನ್ನು ಕಣ್ಣಾರೆ ಕಂಡವರ ಟಿಪ್ಪಣಿಯೂ ಇರಬೇಕು. ಇವಿಲ್ಲದ ಚಿತ್ರವನ್ನು, ಅದು ಎಷ್ಟೇ ಸ್ಫುಟವಾಗಿದ್ದರೂ, ಪಾಠನಿರ್ಣಯಕ್ಕೆ ಬಳಸಲಾಗದು.