ವಳಿವಡೆಯ ಪೋಲಿಶ್ ಕುಟುಂಬಗಳು

ಹಾನಗಲ್ಲ, ಶಿಗ್ಗಾಂವಿ ಸೀಮೆಯ ನಮ್ಮ ವಾಚಕರು ನೆರೆಯ ಮುಂಡಗೋಡದ ಟಿಬೇಟದವರನ್ನು ಚೆನ್ನಾಗಿ ಬಲ್ಲರು. ಆದರೆ ಅವರಿಗಿಂತ ಮುಂಚೆಯೇ, 1943 ರಿಂದ 1948 ರ ವರೆಗೆ, ಕೊಲ್ಹಾಪುರದ ಬಳಿಯ ವಳಿವಡೆಯೆಂಬ ಗ್ರಾಮದಲ್ಲಿ ಸುಮಾರು 5000 ಮಂದಿ ಪೋಲಂಡದವರು ವಾಸವಾಗಿದ್ದರೆಂಬ ಸಂಗತಿಯನ್ನು ಅರಿತವರು ವಿರಳ. ಹುಬ್ಬಳ್ಳಿ, ಮೀರಜಗಳ ಮೇಲಿಂದ ರೈಲಿನಲ್ಲಿ ಹೋಗಬಹುದಾದ ಈ ಕೊಲ್ಹಾಪುರವು ಆಗ ನಮ್ಮ ಸವಣೂರಿನಂತೆಯೇ ಒಂದು ಸಂಸ್ಥಾನವಾಗಿತ್ತು.

1939 ರಲ್ಲಿ ಪೋಲಂಡವನ್ನು ಪಶ್ಚಿಮದಿಂದ ಜರ್ಮನಿಯೂ ಪೂರ್ವದಿಂದ ಸೋವಿಯೆತ್ ರಶಿಯವೂ ಆಕ್ರಮಿಸಿದುವು. ಪೂರ್ವಭಾಗದ ಲಕ್ಷಾಂತರ ಜನರನ್ನು ಸೈಬೀರಿಯ, ಕಜಾಕಸ್ತಾನಗಳಿಗೆ ಸಾಗಿಸಲಾಯಿತು. ಹಸಿವಿನಿಂದಲೂ ರೋಗದಿಂದಲೂ ಅನೇಕರು ಮಡಿದರು. 1941 ರಲ್ಲಿ ಜರ್ಮನಿಯು ರಶಿಯದ ಮೇಲೆಯೇ ಏರಿಹೋಗಲಾಗಿ, ಉಳಿದವರಲ್ಲಿ ಬಹುಮಂದಿಗೆ ಬಿಡುಗಡೆಯಾಯಿತು. ಗಂಡಸರು ಜನರಲ್ ಆಂಡರ್ಸರ ಸೈನ್ಯವನ್ನು ಸೇರಿ, ಇರಾನವನ್ನು ದಾಟಿ, 1944 ರಲ್ಲಿ ಇಟಲಿಯ ಮಾಂಟೆ ಕಸೀನೋದಲ್ಲಿ ಕಾದಿದರು. ಅವರ ಹೆಂಡಿರು ಮಕ್ಕಳಲ್ಲಿ ಕೆಲವರು ಇರಾನದಿಂದ ನಮ್ಮ ದೇಶಕ್ಕೆ ಬಂದರು.

ಆದುದರಿಂದ ವಳಿವಡೆಯ ಶಿಬಿರವು ಬಹುಮಟ್ಟಿಗೆ ಸ್ತ್ರೀಯರ ಮತ್ತು ಮಕ್ಕಳ ಊರಾಗಿತ್ತು. ಅಲ್ಲಿ ಪ್ರಾಥಮಿಕ ಶಾಲೆಗಳೂ ಪ್ರೌಢಶಾಲೆಯೂ ಕ್ರೈಸ್ತ ದೇವಾಲಯವೂ ಆಸ್ಪತ್ರೆಯೂ ನಾಟಕಶಾಲೆಯೂ ಉಂಟಾದುವು. ಬಾಲಕ ಬಾಲಿಕೆಯರ ಸ್ಕೌಟ್ ದಳಗಳು ಏರ್ಪಟ್ಟುವು. ಪಾಠಗಳೆಲ್ಲ ಪೋಲಿಶ್ ಭಾಷೆಯಲ್ಲಿಯೇ ನಡೆದುವು. ಯುದ್ಧವು ತೀರಿ ಮನೆಗೆ ಮರಳುವ ದಿನ ಮಕ್ಕಳು ಸ್ವಂತ ಊರಿನಲ್ಲಿಯೇ ಪರಕೀಯರಾಗಬಾರದಷ್ಟೆ!

ಆ ದಿನ ಬರಲಿಲ್ಲ. 1945 ರ ಯಾಲ್ಟಾ ಸಮ್ಮೇಳನದಲ್ಲಿ ಅವರ ಊರುಗಳಿದ್ದ ಪ್ರಾಂತವು ರಶಿಯದ ಪಾಲಾಯಿತು. ಗೆದ್ದ ಪಕ್ಷದಲ್ಲಿ ಕಾದಿದವರೇ ಮನೆಯನ್ನು ಕಳೆದುಕೊಂಡರು. ಇಂಥ ಗೆಲವು ಯಾರಿಗೂ ಬೇಡ. ಕೆಲವರು ಹೊಸ ಎಲ್ಲೆಗಳ ಪೋಲಂಡಕ್ಕೆ ಹೋದರು. ಅನೇಕರು ಇಂಗ್ಲೆಂಡಿನಲ್ಲಿದ್ದ ತಮ್ಮ ಯೋಧರನ್ನು ಸೇರಿಕೊಂಡರು. ಅಲ್ಲಿ ಸೈನ್ಯವು ಬಿಟ್ಟುಹೋದ ತಗಡಿನ ಕೊಟ್ಟಿಗೆಗಳೇ ಹಲವರಿಗೆ ಮೊದಲ ಮನೆಗಳಾದುವು.

ಆ ಯೋಧರು 1946 ರಲ್ಲಿ ಲಂಡನ್ನಿನಲ್ಲಿ ಪೋಲಿಶ್ ಮಾಜಿ ಯೋಧರ ಸಂಘವನ್ನು ಸ್ಥಾಪಿಸಿದ್ದರು. ಸಂಘವೆಂದರೆ ಕೇವಲ ಪದಕ ಧರಿಸಿ ಕೂಡುವ ಕೂಟವೆಂದು ಭಾವಿಸಬಾರದು. ಕಷ್ಟದಲ್ಲಿದ್ದ ಜೊತೆಗಾರರಿಗೆ ನೆರವು, ಊರೂರಿಗೆ ಶಾಖೆ, ಪುಸ್ತಕಭಂಡಾರ, ಮಕ್ಕಳಿಗೆ ಶನಿವಾರದ ಪೋಲಿಶ್ ಶಾಲೆಗಳಿಗೆ ಸಹಾಯ, ಇವೆಲ್ಲ ಅದರ ಕೆಲಸಗಳಾದುವು. ವಾರದ ಐದು ದಿನ ಇಂಗ್ಲಿಷಿನಲ್ಲಿ ಕಲಿತ ಮಗು ಆರನೆಯ ದಿನ ಅಜ್ಜಿಯ ಭಾಷೆಯನ್ನು ಓದುತ್ತಿತ್ತು.

ವಳಿವಡೆಯಲ್ಲಿ ಓದಿದ ಮಕ್ಕಳೂ ಬೆಳೆದು, ಭಾರತದಲ್ಲಿದ್ದ ಪೋಲಿಶರದೇ ಒಂದು ಸಂಘವನ್ನು ಲಂಡನ್ನಿನಲ್ಲಿ ಕಟ್ಟಿದರು. ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ! ತಮ್ಮ ನೆನಪುಗಳನ್ನು ಕೂಡಿಸಿ ಅವರು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಅವರ ವಾಸದ ಸ್ಮಾರಕವಿದೆ. 2017 ರಲ್ಲಿ ಪೋಲಂಡದ ರಾಜಧಾನಿಯಾದ ವಾರ್ಸಾದಲ್ಲಿ ಕೊಲ್ಹಾಪುರದ ಸ್ಮಾರಕವೂ ಅನಾವರಣಗೊಂಡಿತು.